ಹನ್ನೆರಡನೇ ಕೋಷ್ಟಕ

ಲಿಲೊಂಗ್ವೆಯಿಂದ ಬಂತು ಕಡತ, ನೀಲಿ ರಟ್ಟು,
ಮೇಲೊಂದು ಮೆಕ್ಕೆಜೋಳದ ತೆನೆಯ ಚಿತ್ರ.
ನಮ್ಮ ಬಲಾಕಾದಲ್ಲಿ ಅಂಥ ತೆನೆ ಬಿಟ್ಟದ್ದು ನಾ ಕಾಣೆ.
ರಾಷ್ಟ್ರೀಯ ಯೋಜನೆ. ಹತ್ತು ವರ್ಷ. ಮೂರು ಹಂತ.
ಹವೆಯ ಮರ್ಜಿ ಅರಿತು ಮಾಡುವ ಬೇಸಾಯ.
ಚಿಚೇವಾಕ್ಕೆ ತಿರುಗಿಸಿ ಎಂದರು, ವಾರದೊಳಗೆ.
ತಿರುಗಿಸಿದೆ: ಮುಗಿಲಿನ ಕೂಡ ಚೌಕಾಶಿ ಮಾಡುವ ಒಕ್ಕಲುತನ
ಎಂದೇನೋ ಆಯಿತು. ಮೇಲಧಿಕಾರಿ ನಕ್ಕು
ಗೀಟು ಹೊಡೆದು ಇಂಗ್ಲಿಷನ್ನೇ ಉಳಿಸಿದರು.

ನನ್ನ ಪಾಲಿಗೆ ಹನ್ನೆರಡನೇ ಕೋಷ್ಟಕ.
ಎಷ್ಟು ಮನೆ, ಎಷ್ಟು ಗುಂಡಿ, ಎಷ್ಟು ಹೆಂಗಸರು
(ಹೆಂಗಸರಿಗೆ ನೆತ್ತಿಯ ಮೇಲೊಂದು ಚುಕ್ಕೆ,
ವಿವರ ಪುಟದ ಕೊನೆಗೆ).
ಮೋಟಾರ್ ಸೈಕಲ್ ಇದೆ; ಪೆಟ್ರೋಲು ಜೂನಿನಿಂದ ಇಲ್ಲ.
ತಮ್ಮನ ಸೈಕಲ್ಲು ತುಳಿದು, ಎರಡು ಪಂಚರು ದಾಟಿ
ಚಿಮ್ವಾಲ ಮುಟ್ಟುವಾಗ
ನನ್ನ ನೆರಳು ನನ್ನ ಕಾಲಡಿಗೇ ಬಂದು ಕೂತಿತ್ತು.

ನಾಸಿಬೆಕೊ ಗುಂಡಿ ತೋಡುತ್ತಿದ್ದಳು.
ಬೆನ್ನಿಗೆ ಚಿತೆಂಜೆ ಬಟ್ಟೆಯಲ್ಲಿ ಬಿಗಿದ ಮಗು,
ಗುದ್ದಲಿ ಎದ್ದರೆ ಏಳುವ, ಬಿದ್ದರೆ ಬೀಳುವ ತಲೆ,
ನಿದ್ದೆ ಮಾತ್ರ ಕದಲದು.
ಹೋದ ವರ್ಷ ನಾನೇ ಕೊಟ್ಟ ಅಳತೆಕೋಲು ಎಲ್ಲಿ ಎಂದೆ.
ಗುಂಡಿಯಿಂದ ಗುಂಡಿಗೆ ಎಪ್ಪತ್ತೈದು ಸೆಂಟಿಮೀಟರು,
ಎರಡೂ ತುದಿಗೆ ಕೆಂಪು ಬಣ್ಣ.
ಕೊಟ್ಟಳು.
ಒಂದು ತುದಿಗೆ ಬಿದಿರ ತುಂಡು ಸೇರಿಸಿ
ನಾರಿನಿಂದ ಬಿಗಿದಿದ್ದಳು. ಸರಿಯಾಗಿ ಒಂದು ಗೇಣು.

“ಇದೇನು?”
“ನಿಮ್ಮ ಕೋಲು ಗಿಡ್ಡ.
ಅದರ ಮಾತು ಕೇಳಿದ್ದರೆ ಮಳೆ ಬರುವ ಹೊತ್ತಿಗೆ
ಅರ್ಧ ಹೊಲವೂ ಆಗುತ್ತಿರಲಿಲ್ಲ.
ಕೋಲಿಗೇನು, ಸೊಂಟ ಇದೆಯೆ?”

ಎಡೆಯಲ್ಲಿ ತೊಗರಿ ಹಾಕಿದ್ದಳಂತೆ.
ಜನವರಿಯಲ್ಲಿ ಮೂರು ವಾರ ಮುಗಿಲು ಬಾಯಿ ಬಿಡದೆ
ಜೋಳ ಅರ್ಧಕ್ಕರ್ಧ ಸುರುಟಿತು. ತೊಗರಿ ನಿಂತಿತು.
ಕಾಳು ತಿಂದರು, ಕಡ್ಡಿ ಒಲೆಗಾಯಿತು.
ಸಾಕಾಯಿತೆ ಎಂದು ಕೇಳಲಿಲ್ಲ ನಾನು.
ಅವಳೂ ಹೇಳಲಿಲ್ಲ.
ಗುಂಡಿ ಎಣಿಸಿದೆ: ಗುರಿಗಿಂತ ಮುನ್ನೂರು ಕಡಿಮೆ.

ಹೊಲದ ನಡುವೆ ಮ್ಸಂಗು ಮರ, ಅದರಡಿ ಕೂತೆ.
ಲೋಕವೆಲ್ಲ ಚಿಗುರುವಾಗ ಇದು ಎಲೆ ಉದುರಿಸಿ
ಬೆಳೆಗೆ ಬಿಸಿಲು ಬಿಟ್ಟುಕೊಟ್ಟು ಬೋಳು ನಿಲ್ಲುತ್ತದೆ;
ಲೋಕ ಒಣಗಿದಾಗ ತಾನು ಹಸಿರುಟ್ಟು
ಮೇಕೆಗೆ ಕಾಯಿ, ನನ್ನಂಥವರಿಗೆ ನೆರಳು.
ಅರಣ್ಯ ಇಲಾಖೆ ಅಂತು: ಹೊಲದಲ್ಲಿದೆ, ನಮ್ಮದಲ್ಲ.
ಕೃಷಿಯವರು ಅಂದೆವು: ಮರವಲ್ಲವೆ, ಬೆಳೆಯಲ್ಲ.
ಕೋಷ್ಟಕದಲ್ಲಿ ಹದಿಮೂರು ಕಾಲಮ್ಮು,
ಒಂದರಲ್ಲೂ ಇದಕ್ಕೆ ಬೇರೂರಲು ಜಾಗವಿಲ್ಲ.

“ನೆಟ್ಟದ್ದು ಯಾರು?” ಬರೆದುಕೊಳ್ಳಲು ಕೇಳಿದೆ.
“ಮೇಕೆ,” ಎಂದಳು. “ತಿಂದು, ಇಲ್ಲಿ ಹಿಕ್ಕೆ ಹಾಕಿತ್ತು.
ಕೀಳದೆ ಬಿಟ್ಟೆ ನೋಡಿ, ಅಷ್ಟೇ ನನ್ನ ಕೆಲಸ.”

ರಾತ್ರಿ ಫೋನಿನ ಬೆಳಕಲ್ಲಿ ತುಂಬಲು ಕೂತೆ.
ಮುನ್ನೂರು ಗುಂಡಿ ಸೇರಿಸಬಹುದಿತ್ತು,
ಎಲ್ಲರೂ ಸೇರಿಸುತ್ತಾರೆ; ಗುಂಡಿ ಕಾಗದದಲ್ಲಿ
ಬಲು ಸಲೀಸಾಗಿ ತೋಡಬಹುದು.
ಪೆನ್ನು ಇಟ್ಟು ಸುಮ್ಮನೆ ಹಾಳೆಯ ಮೇಲೆ ಕೈ ಚಾಚಿದೆ.
ಹೆಬ್ಬೆರಳು ಈ ಅಂಚಿಗೆ, ಕಿರುಬೆರಳು ಆ ಅಂಚಿಗೆ.
ಇಡೀ ದೇಶದ ಯೋಜನೆ ಅಗಲದಲ್ಲಿ ಒಂದು ಗೇಣು.
ಅವಳು ಕೋಲಿಗೆ ಕಟ್ಟಿದ್ದೂ ಅಷ್ಟೇ.

ಅಲ್ಲ, ಅವಳ ಕೈ ನನ್ನದಕ್ಕಿಂತ ಚಿಕ್ಕದು.
ಅವಳ ಗೇಣಿಗೆ ಈ ಹಾಳೆ
ಒಂದು ಬೆರಳಷ್ಟು ಮಿಗುತ್ತದೆ.
ಮಿಕ್ಕ ಆ ಬೆರಳಗಲದ ಅಂಚಿನಲ್ಲಿ
ಅಕ್ಷರ ಒತ್ತೊತ್ತಾಗಿ ಬರೆದೆ:
ಮ್ಸಂಗು, ಒಂದು. ನೆಟ್ಟವರು: ಮೇಕೆ.
ಕೋಲು: ಗಿಡ್ಡ.

ಬೆಳಿಗ್ಗೆ ಕಡತ ಕೊಟ್ಟು ಬರುವಾಗ
ಮತ್ತೆ ಕೇಳಿದೆ ಪೆಟ್ರೋಲಿನ ಮಾತು.
ಮುಂದಿನ ಹಂತದಲ್ಲಿ, ಎಂದರು.