ಮೂವತ್ತಮೂರು ಮಣಿ

ಮೇಜಿನ ನಡುವೆ ಒಂದು ತೂತಿದೆ, ಅಂಗೈಯಗಲ.
ನಾಯಿಯನ್ನು ಬಲಮಗ್ಗುಲಿಗೆ ಮಲಗಿಸಿ
ಮುಂಗಾಲು ಒಂದು ಕೈಲಿ, ಹಿಂಗಾಲು ಇನ್ನೊಂದರಲ್ಲಿ
ಹಿಡಿದು ನಿಲ್ಲುವುದು ನನ್ನ ಕೆಲಸ.
ತೂತಿನ ಕೆಳಗಿನಿಂದ ಡಾಕ್ಟರ್ ನಿರೋಷಾ
ಜೆಲ್ ಬಳಿದ ಪ್ರೋಬನ್ನು ಎದೆಗೆ ಒತ್ತುತ್ತಾರೆ.
ರೂವಿಯ ಈ ಕ್ಲಿನಿಕ್ಕಿನಲ್ಲಿ ಆಗ
ಮಾತಾಡುವುದು ಏಸಿ ಒಂದೇ.

ಬಿಸ್ಕಿತ್‌ಗೆ ಹನ್ನೊಂದು ವರ್ಷ.
ಸಾಕಿದವರು ವೀಸಾ ಮುಗಿದು ಅಬರ್ಡೀನಿಗೆ ಹೋದರು,
ಹಗ್ಗ, ತಟ್ಟೆ, ಲಸಿಕೆಯ ಪುಸ್ತಕ, ನಾಯಿ
ಎಲ್ಲವನ್ನೂ ವಾಚ್‌ಮನ್ ದಾದ್‌ಮಹಮ್ಮದನಿಗೆ ಕೊಟ್ಟು.
"ಒಳಗೆ ಬಿಡುವುದಿಲ್ಲ, ಹೊರಗೇ," ಅನ್ನುತ್ತಾನೆ ಆತ
ಯಾರೂ ಕೇಳದಿದ್ದರೂ.
ಹೊರಗೆ ಅಂದರೆ ಅವನ ಮಂಚದ ಕಾಲಿನ ಪಕ್ಕ,
ಟೇಬಲ್ ಫ್ಯಾನು ತಿರುಗುವ ಕಡೆ.

ಪರದೆಯ ಮೇಲೆ ಬೂದು ಮಂಜು. ಮಂಜಿನೊಳಗೆ
ಎರಡೆಸಳಿನ ಕದ, ತುದಿ ದಪ್ಪಗಾಗಿ
ಉಪ್ಪುನೀರು ಕುಡಿದು ಊದಿದ ಹಲಗೆಯ ಹಾಗೆ
ಮುಚ್ಚಲು ಹೋಗುತ್ತದೆ, ಮುಚ್ಚುವುದಿಲ್ಲ.
ಬಣ್ಣದ ಗುಂಡಿ ಒತ್ತಿದರೆ ಸಂದಿನಲ್ಲಿ
ಹಳದಿ ಹಸಿರು ನೀಲಿ ಕಲಸಿಕೊಂಡು
ಹಿಂದಕ್ಕೆ ಚಿಮ್ಮುತ್ತದೆ ರಕ್ತ.
ಗಂಗೊಳ್ಳಿಯ ನಮ್ಮ ಪಂಪಿನ ಫುಟ್‌ವಾಲ್ವ್ ಹೋದಾಗಲೂ ಹೀಗೇ:
ಎಳೆದ ನೀರೆಲ್ಲ ಮತ್ತೆ ಬಾವಿಗೆ,
ಮೋಟರು ಸುಮ್ಮನೆ ಬಡಕೊಳ್ಳುವುದು.
ಆ ವಾಲ್ವಿಗೆ ಹೊಸ ವಾಶರು ಹಾಕಿದರೆ ಮುಗಿಯುತ್ತಿತ್ತು.

"ಇದು ಮಹಾಧಮನಿ," ಡಾಕ್ಟರು ಗೆರೆ ಎಳೆಯುತ್ತಾರೆ,
"ಹೆಚ್ಚಿದ ನಿಂಬೆಯ ಹಾಗೆ. ಪಕ್ಕದ್ದು ಎಡಗೋಣೆ,
ತಿಮಿಂಗಿಲದ ಹಾಗೆ."
ಹೋದ ವರ್ಷ ತಿಮಿಂಗಿಲ ನಿಂಬೆಯ ಒಂದೂವರೆ ಪಟ್ಟು.
ಈಗ ಎರಡು ಪಾಯಿಂಟ್ ಒಂದು.
ರಿಜಿಸ್ಟರಿನಲ್ಲಿ ಎರಡೂ ನನ್ನದೇ ಕೈಬರಹ.

ದಾದ್‌ಮಹಮ್ಮದ್ ಎಷ್ಟು ದಿನ ಅಂತ ಕೇಳಲಿಲ್ಲ.
"ಗ್ವಾದರಿಗೆ ಹೋಗಬೇಕು, ಮಗಳ ನಿಕಾಹ್, ಎರಡು ತಿಂಗಳು.
ಬಂದಾಗ ಇವನಿರುತ್ತಾನಾ?"
ಡಾಕ್ಟರು ಜೆಲ್ ಒರೆಸಿಕೊಂಡರು, ಒಂದೊಂದೇ ಬೆರಳು.
"ಇಂಥ ನೂರು ನಾಯಿಗಳ ಲೆಕ್ಕ ಹೇಳಬಲ್ಲೆ.
ಈ ಒಂದರದ್ದು ಗೊತ್ತಿಲ್ಲ.
ನಿದ್ದೆಯಲ್ಲಿ ಉಸಿರು ಎಣಿಸು. ನಿಮಿಷಕ್ಕೆ ಮೂವತ್ತು ದಾಟಿದರೆ
ಹಗಲೋ ರಾತ್ರಿಯೋ, ಕರಕೊಂಡು ಬಾ."

ಅವನಿಗೆ ಇಪ್ಪತ್ತರ ಮೇಲೆ ಲೆಕ್ಕ ತಪ್ಪುತ್ತದೆ.
ಮತ್ರಾಹ್ ಸೂಕಿನಲ್ಲಿ ಇನ್ನೂರು ಬೈಸಕ್ಕೆ
ನೀಲಿ ಪ್ಲಾಸ್ಟಿಕ್ಕಿನ ತಸ್ಬೀಹ್ ಕೊಂಡ, ಮೂವತ್ತಮೂರು ಮಣಿ.
"ನಮಾಜಿನದು ಬೇರೆ. ಇದು ಇವನದು."
ಕೊನೆಯ ಮೂರು ಮಣಿಗೆ
ನನ್ನ ಬ್ಯಾಗಿನ ಕೆಂಪು ನೇಲ್‌ಪಾಲಿಶ್ ಹಚ್ಚಿಕೊಟ್ಟೆ.

ಆಮೇಲೆ ದಿನಾ ರಾತ್ರಿ ಒಂದು ವಾಯ್ಸ್ ಮೆಸೇಜು,
ಉಳಿದ ಮಣಿ ಎಷ್ಟೆಂದು.
"ಒಂಬತ್ತು." "ಹತ್ತು." "ಒಂಬತ್ತು."
"ಏಳು, ಆದರೆ ಕನಸು ಬಿದ್ದಿತ್ತು, ಕಾಲು ಓಡುತ್ತಿತ್ತು."
ಟಿಕೆಟ್ಟಿನ ಮಾತು ಅವನೂ ಎತ್ತಲಿಲ್ಲ, ನಾನೂ.

ನಿನ್ನೆ ಎರಡು ಗಂಟೆಗೆ ಬಂದದ್ದರಲ್ಲಿ ಮಾತೇ ಇಲ್ಲ.
ಫ್ಯಾನಿನ ಕಿರಕಿರ, ಅದರಡಿಯಲ್ಲಿ ಉಸಿರು.
ಕತ್ತಲಲ್ಲೇ ಎದ್ದು ಕೂತು
ಬೆರಳ ಗೆಣ್ಣುಗಳ ಮೇಲೆ ಎಣಿಸಿದೆ,
ಇಪ್ಪತ್ತಾರು, ಇಪ್ಪತ್ತೇಳು,
ಇಪ್ಪತ್ತೆಂಟು,
ಐವತ್ತೊಂದನೇ ಸೆಕೆಂಡಿಗೆ ಮೆಸೇಜು ನಿಂತುಹೋಯಿತು.

ಮಿಕ್ಕ ಒಂಬತ್ತು ಸೆಕೆಂಡಿನ ಲೆಕ್ಕ ಹಾಕುತ್ತ
ಒಂದು ಕಾಲಿಗೆ ಚಪ್ಪಲಿ ತೂರಿಸಿ
ಹುಡುಕುತ್ತಿದ್ದೆ, ಕ್ಲಿನಿಕ್ಕಿನ ಕೀಲಿ.