ಕಿವಿರಿನ ಲೆಕ್ಕ

ಎಕ್ಕೂರಿನ ಪ್ರಯೋಗಾಲಯದಲ್ಲಿ
ನನ್ನ ಕೆಲಸ ಸುಲಭದ್ದು: ಉಸಿರು ಎಣಿಸುವುದು.
ಗಾಜಿನ ತೊಟ್ಟಿ ಹನ್ನೆರಡು, ತೊಟ್ಟಿಗೆ ಹತ್ತು ಮೀನು,
ಕೊರಳಲ್ಲಿ ಪಿ.ಟಿ. ಮಾಸ್ತರರ ಹಾಗೆ ಸ್ಟಾಪ್‌ವಾಚು.
ಕಿವಿರಿನ ಮುಚ್ಚಳ ತೆರೆದರೆ ಒಂದು,
ಮುಚ್ಚಿ ಮತ್ತೆ ತೆರೆದರೆ ಎರಡು.

ಮೊದಲನೇ ತೊಟ್ಟಿಯಲ್ಲಿ ಬರೀ ನೀರು.
ಎರಡರಿಂದ ಮುಂದೆ, ಹನಿ ಹನಿ ಏರಿಸುತ್ತ,
ಹುಲ್ಲು ಕರಟಿಸುವ ಮದ್ದು.
ನಮ್ಮಲ್ಲಿ ಜ್ವರಕ್ಕೆ ಕೊಡುವುದೂ ಮದ್ದೇ,
ಇಲಿಗೆ ಇಡುವುದೂ ಮದ್ದೇ,
ಗರ್ನಾಲಿಗೆ ತುಂಬುವುದೂ ಮದ್ದೇ;
ಮೀನಿಗೆ ಯಾರು ಬಿಡಿಸಿ ಹೇಳಬೇಕು?

ಮೊದಲ ದಿನ ಓಡುತ್ತವೆ,
ಗಾಜಿಗೆ ಮೂತಿ ಬಡಿದು, ಬಾಗಿಲು ಹುಡುಕುವವರ ಹಾಗೆ.
ಎರಡನೇ ದಿನ ಮೇಲೆ ಬಂದು ಗಾಳಿ ನುಂಗುತ್ತವೆ.
ಮೂರನೇ ದಿನ ಮೈತುಂಬ ಲೋಳೆ,
ತಮ್ಮ ಮೈಯಿಂದಲೇ ನೇಯ್ದು ಹೊದ್ದ ರೈನ್‌ಕೋಟು.
ನಾಲ್ಕನೇ ದಿನ ಫಾಯಿಝಾ ಬರುತ್ತಾಳೆ, ಪಿ.ಎಚ್‌ಡಿ.ಯ ಹುಡುಗಿ,
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು:
"ಲೆತ್ತಿಸ್ ಬಾಯಿ, ಐದರಲ್ಲಿ ಸತ್ತದ್ದೆಷ್ಟು?"
"ಸೊನ್ನೆ."
"ಹಾಗಾದರೆ ಜೀವಂತ ಹತ್ತು."

ಪುಸ್ತಕದಲ್ಲಿ ಎರಡೇ ಮನೆ.
ಮೂಲೆಗೆ ಮುಖ ಮಾಡಿ ನಿಂತದ್ದಕ್ಕೆ,
ಗಾಜು ತಟ್ಟಿದರೂ ತಿರುಗದ್ದಕ್ಕೆ,
ಹೊಟ್ಟೆ ಮೇಲಾಗಿ, ನಾಚಿದಂತೆ ಮತ್ತೆ ನೆಟ್ಟಗಾದದ್ದಕ್ಕೆ
ಮನೆಯಿಲ್ಲ.

ಗುರುಪುರದ ಆಚೆ, ನಮ್ಮ ಮನೆಯ ಕೆಳಗಿನ ಬೈಲಿಗೆ
ಮೇ ತಿಂಗಳ ಕೊನೆಗೆ ಐತಪ್ಪ ಮದ್ದು ಬಿಡುತ್ತಾನೆ,
ಬೆನ್ನಿಗೆ ಪಂಪು, ಮೂಗಿಗೆ ಹೆಂಡತಿಯ ಹಳೆಯ ಶಾಲು.
"ಹುಲ್ಲು ಕೀಳಲು ಜನ ಎಲ್ಲಿದ್ದಾರೆ ಬಾಯಿ?
ಎಂಟು ಹೆಣ್ಣಾಳಿನ ಕೆಲಸ ಒಂದು ಕ್ಯಾನಿನಲ್ಲಿ ಮುಗಿಯುತ್ತದೆ."
ಸುಳ್ಳಲ್ಲ. ಆ ಎಂಟರಲ್ಲಿ ನನ್ನ ತಾಯಿಯೂ ಇದ್ದಳು;
ಅವಳ ಸೊಂಟ ಕೊನೆಗೂ ನೆಟ್ಟಗಾಗಲಿಲ್ಲ.

ಮೊದಲ ಮಳೆಯ ರಾತ್ರಿ ತೋಡು ಉಕ್ಕಿ
ಮೀನು ಗದ್ದೆ ಹತ್ತಿದವು, ನೀರಿಗೆ ಎದುರಾಗಿ, ಮೊಟ್ಟೆ ಹೊತ್ತು.
ಟಾರ್ಚು, ಕತ್ತಿ, ಗೋಣಿ ಹಿಡಿದು ಊರೆಲ್ಲ ಕೆಸರಿನಲ್ಲಿ.
ಒಂಬತ್ತಕ್ಕೆ ಐತಪ್ಪ ಜಗಲಿಗೆ ಬಂದ,
ಬಕೆಟಿನಲ್ಲಿ ನಾಲ್ಕು ಮುಗುಡು:
"ಈ ವರ್ಷ ಹಿಡಿಯುವುದೇ ಬೇಡ, ಬಗ್ಗಿದರೆ ಸಿಗುತ್ತವೆ."

ಮುಗುಡು ಅಂದರೆ ಏನೆಂದು ನನಗೆ ಗೊತ್ತು.
ಎಂಟು ವರ್ಷದವಳ ಅಂಗೈಗೆ ಮುಳ್ಳು ಹೊಡೆದು
ಜಾರಿ, ಅಂಗಳ ದಾಟಿ, ಬಾವಿಕಟ್ಟೆಯ ತನಕ ತೆವಳಿದ ಮೀನು ಅದು.
ಇವು ಬಗ್ಗಿದರೆ ಸಿಗುತ್ತವೆ.

ಬಕೆಟಿನ ಮೇಲೆ ಟಾರ್ಚು ಹಿಡಿದೆ.
ಬೇಡವೆಂದರೂ ತುಟಿ ಎಣಿಸಿತು:
ಇಪ್ಪತ್ತೆರಡು, ಇಪ್ಪತ್ತಮೂರು,
ದಾರಿ ಮರೆತಂತೆ ನಡುವೆ ಒಂದು ನಿಲುಗಡೆ,
ಇಪ್ಪತ್ತನಾಲ್ಕು.
ಕೊಯ್ದೆ. ಕೆಂಪು ಬಾಚಣಿಗೆಯಂತೆ ಇರಬೇಕಾದ ಕಿವಿರು
ನೆನೆದ ಹಕ್ಕಿಯ ರೆಕ್ಕೆಯ ಹಾಗೆ ಅಂಟಿಕೊಂಡು, ಬಿಳಿಚಿ.
ಮೊಟ್ಟೆ ಇತ್ತು. ಒಂದು ಚಮಚದಷ್ಟು.

"ಲಾಯ್ಕ ಉಂಟಲ್ಲ?"
ಐತಪ್ಪ ಮೆಟ್ಟಿಲ ಮೇಲೆ ಕೂತು ಮೊಣಕಾಲಿನ ಕೆಸರು ತೊಳೆಯುತ್ತಿದ್ದ.
ಒಂದೆರಡು ಸಲ ಕೆಮ್ಮಿದ.
ಗಡಿಯಾರವಿಲ್ಲದೆ ನಾನು ಎಣಿಸಿದೆ.
"ಉಂಟು" ಎಂದೆ.

ಸೋಮವಾರ ಸ್ಕೇಲು ಹಿಡಿದು ಪುಸ್ತಕದಲ್ಲಿ
ಮೂರನೇ ಮನೆಗೊಂದು ಗೆರೆ ಎಳೆದೆ, ಪೆನ್ಸಿಲಿನಲ್ಲಿ.
ಇದಕ್ಕೆ ಏನು ಹೆಸರು ಬಾಯಿ, ಫಾಯಿಝಾ ಕೇಳಿದಳು.
ಗೊತ್ತಿಲ್ಲ ಮಗಾ.
ನೀನು ಮೊದಲು ಲೆಕ್ಕ ಬರಿ.