ಕುರಿ ಕಾಣದ ನಾಯಿ

ಫಹಾಹೀಲಿನ ಕಡಲದಂಡೆ. ಸಂಜೆ ಏಳಾದರೂ ನೆಲ ಕಾದ ಹಂಚು.
ಯಜಮಾನರ ಮೂರು ಮಕ್ಕಳು, ಒಂದು ನಾಯಿ,
ಹಗ್ಗ ಹಿಡಿದ ಡ್ರೈವರ್ ನಾನು.
ಕರಿಬಿಳಿ ಕೋಲಿ, ಹುಟ್ಟಿದ್ದು ಸಾಲ್ಮಿಯಾದ ಒಂಬತ್ತನೇ ಮಹಡಿ,
ಬೆಳೆದದ್ದು ಎಸಿಯ ಕೆಳಗೆ.
ಹುಲ್ಲೆಂದರೆ ಅದಕ್ಕೆ ಬಾಲ್ಕನಿಗೆ ಹಾಸಿದ ಪ್ಲಾಸ್ಟಿಕ್ಕು,
ಕುರಿಯೆಂದರೆ ಶುಕ್ರವಾರದ ಎಲುಬು.

ಆದರೂ ಮಕ್ಕಳು ಚೆದುರಿದ್ದೇ ತಡ
ಹೊಟ್ಟೆ ನೆಲಕ್ಕೊತ್ತಿ, ಕತ್ತು ಚಾಚಿ,
ಮರಳಲ್ಲಿ ಅರ್ಧಚಂದ್ರ ಬರೆಯುತ್ತ ಓಡಿ
ಕಚ್ಚದೆ, ಬೊಗಳದೆ, ಬರೀ ದಿಟ್ಟಿಯಲ್ಲೇ ಅಟ್ಟಿ
ಮೂವರನ್ನೂ ತಂದು ನನ್ನ ಕಾಲಬಳಿ ಗುಡ್ಡೆ ಹಾಕುತ್ತದೆ.
ಕಲಿಸಿದವರಾರು?

ಸೂಜಿ ಚುಚ್ಚುತ್ತ ಡಾಕ್ಟರ್ ಹನಾನ್ ಅಂದರು:
"ಇದರ ಮುತ್ತಜ್ಜಂದಿರನ್ನು ಆ ನೋಟಕ್ಕಾಗಿಯೇ ಆರಿಸಿದ್ದರು.
ರಕ್ತದಲ್ಲಿ ಬಂದಿದೆ.
ಪೂರ್ತಿ ಅಲ್ಲ."
ಇದರ ಒಡಹುಟ್ಟು ಒಂದಿದೆ, ಮಂಗಾಫಿನಲ್ಲಿ.
ಅದೇ ತಾಯಿ, ಅದೇ ಮೊಲೆ;
ಮಕ್ಕಳು ಚೆದುರಿದರೆ ಆಕಳಿಸಿ ಮಗ್ಗುಲು ಬದಲಿಸುತ್ತದಂತೆ,
ಲಿಫ್ಟಿನ ಸದ್ದಿಗೆ ಮಂಚದಡಿ ಸೇರುತ್ತದಂತೆ.

ಹುಟ್ಟುಗುಣ ಸುಟ್ಟರೂ ಹೋಗದು, ಎನ್ನುತ್ತಿದ್ದಳು ಅವ್ವ
ಅಪ್ಪನ ಸಿಟ್ಟು ನನ್ನ ಮುಖದಲ್ಲಿ ಕಂಡಾಗೆಲ್ಲ.
ಹದಿನಾಲ್ಕು ಬೇಸಿಗೆ, ಐವತ್ತು ಡಿಗ್ರಿ.
ಸುಟ್ಟದ್ದೇನೂ ಕಡಿಮೆಯಿಲ್ಲ ಅವ್ವಾ,
ಈಗಲೂ ಕೈ ಏಳುತ್ತದೆ.
ಏಳುತ್ತದೆ, ಹಗ್ಗವನ್ನು ತನಗೇ ಎರಡು ಸುತ್ತು ಸುತ್ತಿಕೊಂಡು
ಇಳಿಯುತ್ತದೆ.

ಇವತ್ತು ಕಿರಿಯವಳು, ದಾನಾ, ಅಲೆಯತ್ತ ಓಡಿದಳು.
ನಾನು ಬಾಯಿ ತೆರೆಯುವ ಮೊದಲೇ ನಾಯಿ ಅಲ್ಲಿತ್ತು,
ನೀರಿಗೂ ಅವಳಿಗೂ ನಡುವೆ, ಅಡ್ಡ.
ಅವಳನ್ನು ದಡ ಸೇರಿಸಿ
ತಿರುಗಿ ನೋಡಿತು:
ಗುಂಪಿನಿಂದ ದೂರ ನಿಂತ ನನ್ನನ್ನೂ
ಎಣಿಸುವ ಹಾಗೆ.